ನಮ್ಮ ಬಾವಿಯ ಉಪ್ಪು ನಕ್ಷೆಯಲ್ಲಿ ಕಾಣುವುದಿಲ್ಲ

ಭಟ್ಕಳ, ಹೊನ್ನಾವರ, ಕುಮಟಾದ ಕಡಲಂಚಿನ ಬಂಧುಗಳೇ,

ಹವಾಮಾನ ಬದಲಾದಂತೆ ಯಾವ ದಡಕ್ಕೆ ಎಷ್ಟು ಅಪಾಯ ಎಂಬುದನ್ನು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ದೇಶದ ಇಡೀ ಕರಾವಳಿಗೆ ಲೆಕ್ಕ ಹಾಕಿ ನಕ್ಷೆ ಮಾಡಿದೆ. ಸಮುದ್ರಮಟ್ಟದ ಏರಿಕೆ, ಅಲೆಯ ಎತ್ತರ, ದಡದ ಇಳಿಜಾರು, ಭರತ-ಇಳಿತದ ಅಂತರ ಹೀಗೆ ಒಟ್ಟು 7 ಅಂಶಗಳು. ಬೇಕಾದ ಕೆಲಸವೇ ಅದು. ಆದರೆ ಆ ಏಳರಲ್ಲಿ ನಾವಿಲ್ಲ. ಯಾವ ಕೇರಿಯ ಬಾವಿ ಯಾವ ತಿಂಗಳಿಗೆ ಉಪ್ಪಾಗುತ್ತದೆ, ನೀರು ಏರಿದಾಗ ಹಾಸಿಗೆ ಹಿಡಿದ ಅಜ್ಜಿಯನ್ನು ಹೊತ್ತು ತರಲು ಯಾರಿದ್ದಾರೆ ಎಂಬುದು ಅಲ್ಲಿರುವವರಿಗಷ್ಟೇ ಗೊತ್ತು.

ಅಪಾಯ ಕಡಲಿನಿಂದಲೇ ಬರಬೇಕೆಂದೂ ಇಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಅಲೆಗಳು ಭಟ್ಕಳದ ದಡಕ್ಕೆ ಬಡಿದವು. ಮರುವರ್ಷ ಆಗಸ್ಟ್ 2ರಂದು ಅದೇ ತಾಲ್ಲೂಕಿನ ಮುಟ್ಟಳ್ಳಿಯಲ್ಲಿ ಮಳೆಗೆ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತರು. ದಡವನ್ನಷ್ಟೇ ಅಳೆಯುವ ನಕ್ಷೆಗೆ ಆ ಗುಡ್ಡ ಕಾಣುವುದಿಲ್ಲ. ಹೊನ್ನಾವರದ ಕಥೆ ಬೇರೆ: ಲಿಂಗನಮಕ್ಕಿ, ಗೇರುಸೊಪ್ಪೆ ಅಣೆಕಟ್ಟುಗಳ ಗೇಟು ತೆರೆದ ಹೊತ್ತಿಗೇ ಕಡಲಲ್ಲಿ ಭರತ ಇದ್ದರೆ ಶರಾವತಿಯ ನೀರು ಇಳಿಯಲು ದಾರಿ ಸಿಗದೆ ತಗ್ಗಿನ ಊರುಗಳ ತೋಟ, ಅಂಗಳಗಳಲ್ಲೇ ನಿಲ್ಲುತ್ತದೆ.

ಕುಮಟಾದ ಅಘನಾಶಿನಿ ನದಿಗೆ ಅಣೆಕಟ್ಟೇ ಇಲ್ಲ. ಅದರ ಅಳಿವೆಗೆ 2024ರಲ್ಲಿ ಮಹತ್ವದ ಜೌಗುಭೂಮಿಗಳಿಗೆ ಕೊಡುವ ರಾಮ್‌ಸರ್ ಮನ್ನಣೆಯೂ ಸಿಕ್ಕಿತು. ಮಾಣಿಕಟ್ಟಾದ ಸುತ್ತಿನ ಗಜನಿಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ತಾಳಿಕೊಳ್ಳುತ್ತದೆ, ನಿಂತ ನೀರನ್ನೂ ತಾಳಿಕೊಳ್ಳುತ್ತದೆ. ಆದರೆ ಒಡ್ಡು ಒಡೆದು ದಿನಕ್ಕೆರಡು ಬಾರಿ ಭರತ ಒಳನುಗ್ಗಿದರೆ ಕಗ್ಗಕ್ಕೂ ಉಳಿಗಾಲವಿಲ್ಲ. ಜಗತ್ತಿನ ಸಮುದ್ರಮಟ್ಟ 2006ರಿಂದ 2018ರವರೆಗೆ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಹೇಳಿದೆ. ಓದುವಾಗ ಅಲ್ಪವೆನಿಸುವ ಈ ಲೆಕ್ಕ, ಹುಣ್ಣಿಮೆಯ ಭರತ ಒಡ್ಡಿನ ನೆತ್ತಿಯವರೆಗೆ ಬಂದು ನಿಲ್ಲುವುದನ್ನು ಕಂಡ ಗಜನಿ ರೈತನಿಗೆ ಅಲ್ಪವಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಮೊದಲೇ ಅಚ್ಚಾಗಿರುತ್ತವೆ. ಅದರ ಪಕ್ಕದಲ್ಲೇ ಬರೆಯಿರಿ: ಅಂಗಳಕ್ಕೆ ಉಪ್ಪುನೀರು ಬಂದ ದಿನ, ಎಲ್ಲಿಯವರೆಗೆ ಬಂತು, ಎಷ್ಟು ಹೊತ್ತು ನಿಂತಿತು. ಬಾವಿನೀರಿನ ರುಚಿ ಕೆಟ್ಟ ದಿನ. ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧ ಬಿಟ್ಟು, ಗಾಳಿಗೆ ಹೆದರಿ ದೋಣಿ ದಡದಲ್ಲೇ ಉಳಿದ ದಿನ. ಮನೆಹಿಂದಿನ ಧರೆಯಲ್ಲಿ ಬಿರುಕು ಕಂಡ ದಿನ. ಕೇರಳದ ಎರ್ನಾಕುಳಂ ಜಿಲ್ಲೆಯ ತಗ್ಗು ಊರುಗಳ ಜನ ಭರತದ ನೀರು ಮನೆಹೊಕ್ಕ ದಿನಗಳನ್ನು ಹೀಗೆಯೇ ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟಿದ್ದಾರೆ. ಕಾಲೇಜು ಓದುವ ಮಕ್ಕಳು ಕೇರಿಯ ಕ್ಯಾಲೆಂಡರುಗಳನ್ನು ಒಟ್ಟುಮಾಡಿ ಊರಿನ ನಕ್ಷೆಯ ಮೇಲೆ ಇಳಿಸಿಕೊಡಲಿ. ಹಿರಿಯರು ಹಿಂದಿನ ನೆರೆಯ ನೀರು ಏರಿದ ಮಟ್ಟವನ್ನು ಗೋಡೆ ಮುಟ್ಟಿ ತೋರಿಸಲಿ.

ಬರೆದದ್ದನ್ನು ಗ್ರಾಮಸಭೆಗೆ ಒಯ್ಯಿರಿ. ಬಾಯಲ್ಲಿ ಹೇಳಿ ಬರುವುದು ಸಾಲದು, ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದು ಬರಬೇಡಿ. ಸಮೀಕ್ಷೆಗೆಂದು ಬಂದವರು ರಸ್ತೆಬದಿಯ ನಾಲ್ಕು ಮನೆಯಲ್ಲಿ ಫಾರಂ ತುಂಬಿಸಿ ಹೊರಟರೆ ತಡೆದು ನಿಲ್ಲಿಸಿ, ಹೊಳೆ ನಡುವಿನ ಕುರ್ವೆಗೆ ದೋಣಿ ಹತ್ತಿಸಿ ಕರೆದೊಯ್ಯಿರಿ.

ಪಂಚಾಯ್ತಿ ಸದಸ್ಯರಲ್ಲೂ ಒಂದು ಮಾತು. ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಮೀನುಬುಟ್ಟಿ ಹೊತ್ತ ಹೆಂಗಸರು ಪೇಟೆಯಲ್ಲಿರುತ್ತಾರೆ. ಇಳಿತದ ಹೊತ್ತಿಗೆ ಕರೆದರೆ ಬಳಚು ಆರಿಸುವವರು ಹೊಳೆಯಲ್ಲಿರುತ್ತಾರೆ. ನೀರಿನ ಬದಲಾವಣೆ ಮೊದಲು ತಿಳಿಯುವುದು ಇವರಿಗೇ. ದಯವಿಟ್ಟು ಸಭೆಯನ್ನು ಸಂಜೆಗೆ ಇಡಿ, ಅಂದಿನ ಭರತದ ಹೊತ್ತು ನೋಡಿಕೊಂಡು.