ಚೌಕಾಸಿಯೂ ಒಂದು ವಿದ್ಯೆ

ಬೇಗಂ ಬಜಾರಿನ ಸಗಟು ಅಂಗಡಿಯ ಮುಂದೆ ಘಂಟೆಗಟ್ಟಲೆ ವಾದಿಸಿ, ಎಣ್ಣೆಯ ಡಬ್ಬವೊಂದಕ್ಕೆ ಐವತ್ತು ರೂಪಾಯಿ ಇಳಿಸಿಕೊಂಡು, ಯುದ್ಧ ಗೆದ್ದವರಂತೆ ಹಿಂದಿರುಗುವ ಹೋಟೆಲ್ ಮಾಲಿಕರನ್ನು ನಾವು ಬಲ್ಲೆವು. ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಲೇಖನಿಯನ್ನು ಹಿಡಿಯುವುದಕ್ಕೆ ಮುಂಚೆ ನಾವೂ ಅವರಲ್ಲೊಬ್ಬರಾಗಿದ್ದೆವು. ಹೀಗೆ ಗೆದ್ದು ತಂದ ಡಬ್ಬವನ್ನು ಒಮ್ಮೆ ನಮ್ಮ ಅಡಿಗೆ ಭಟ್ಟರು ತಕ್ಕಡಿಗೇರಿಸಿದರು. ನಾವು ವಾಡಿಕೆಯಾಗಿ ಕೊಳ್ಳುತ್ತಿದ್ದುದು 15 ಕಿಲೋ ಡಬ್ಬ. ಅಂದು ತಂದುದು 15 ಲೀಟರಿನದು. ಎಣ್ಣೆಯು ನೀರಿಗಿಂತ ಹಗುರವಾದುದರಿಂದ 15 ಲೀಟರು ತೂಕದಲ್ಲಿ ಹದಿಮೂರುವರೆ ಕಿಲೋಗಿಂತ ತುಸು ಹೆಚ್ಚು, ಅಷ್ಟೆ. ವರ್ತಕನು ಸುಳ್ಳು ಹೇಳಿರಲಿಲ್ಲ. ಡಬ್ಬದ ಮೇಲೆ ಅಚ್ಚಾಗಿದ್ದುದನ್ನು ನಾವೇ ಓದಿರಲಿಲ್ಲ. ದರವನ್ನು ಕೇಳುವ ಮೊದಲು ಅಳತೆಯನ್ನು ಕೇಳತಕ್ಕದ್ದೆಂಬ ಪಾಠವನ್ನು ಭಟ್ಟರಿಂದ ಕಲಿತೆವು.

ಎರಡನೆಯದು ಕಾಲಜ್ಞಾನ. 2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರಕಾರವು ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇಕಡಾ 20ಕ್ಕೆ ಏರಿಸಿತು. ಹಳೆಯ ಸುಂಕದ ದಾಸ್ತಾನು ಮುಗಿಯುವ ತನಕ ಬೆಲೆಯೇರಿಸಬಾರದೆಂದು ಸರಕಾರವೇ ಎಣ್ಣೆ ಉದ್ಯಮದವರಿಗೆ ಸೂಚಿಸಿತ್ತು. ಇದನ್ನು ಪತ್ರಿಕೆಯಲ್ಲಿ ಓದಿದ್ದ ಗುಮಾಸ್ತನು "ಇದು ಹಳೆಯ ಮಾಲೋ, ಹೊಸತೋ?" ಎಂದು ಕೇಳಬಲ್ಲವನಾಗಿದ್ದನು; ಓದದವನು ಹೇಳಿದಷ್ಟನ್ನು ತೆತ್ತು ಬರಬೇಕಾಗಿತ್ತು. 2025ರ ಮೇ ತಿಂಗಳ ಕೊನೆಯಲ್ಲಿ ಅದೇ ಸುಂಕವು ಶೇಕಡಾ 10ಕ್ಕೆ ಇಳಿಯಿತು. ಆಗ ಇಳಿಕೆಯನ್ನು ಕೇಳಿ ಪಡೆದವರೆಷ್ಟು ಮಂದಿ?

ಮೂರನೆಯದು ಉದ್ರಿ. ನಗದಿಗೆ ನೂರು ರೂಪಾಯಿಯ ಮಾಲನ್ನು ತಿಂಗಳ ಉದ್ರಿಗೆ ನೂರೆರಡಕ್ಕೆ ಕೊಂಡರೆ, ವರ್ಷಕ್ಕೆ ಶೇಕಡಾ ಇಪ್ಪತ್ತನಾಲ್ಕರ ಬಡ್ಡಿ ತೆತ್ತಂತಾಯಿತು. ಅದಲ್ಲದೆ, ಹಳೆಯ ಬಾಕಿಯುಳ್ಳವನ ನಾಲಗೆಗೆ ಚೌಕಾಸಿಯ ಬಲವೆಲ್ಲಿ? ಬೇರೆ ಅಂಗಡಿಗೆ ಹೋಗುವೆನೆಂದು ಅವನು ಹೇಳಲಾರನು. ಕೋಣೆಯಲ್ಲಿ ವಾರದ ದಾಸ್ತಾನು, ಕಿಸೆಯಲ್ಲಿ ನಗದು, ಮನಸ್ಸಿನಲ್ಲಿ ಇನ್ನೆರಡು ಅಂಗಡಿಗಳ ದರ, ಈ ಮೂರೂ ಉಳ್ಳವನು ಮೆಲ್ಲಗೆ ಮಾತನಾಡಿದರೂ ಕೆಲಸ ನಡೆಯುತ್ತದೆ.

ಹಾಗೆಂದು ವರ್ತಕನ ಕತ್ತು ಹಿಸುಕುವುದನ್ನು ನಾವು ಒಪ್ಪೆವು. ಅವನಿಗೂ ಬಾಡಿಗೆಯಿದೆ, ಮಕ್ಕಳಿದ್ದಾರೆ. ಲಾಭವೇ ಉಳಿಯದಷ್ಟು ಇಳಿಸಿದರೆ ಅವನು ಉದ್ದಿನ ಬೇಳೆಯ ದರ್ಜೆಯಲ್ಲಿ ಅದನ್ನು ಸರಿದೂಗಿಸಿಕೊಳ್ಳುವನು; ಹಿಟ್ಟು ಉಬ್ಬದೆ ಇಡ್ಲಿ ಕಲ್ಲಾದಾಗ ಬೈಗುಳವು ಬಡ ಭಟ್ಟರ ಪಾಲಿಗೆ.

ಇಷ್ಟೆಲ್ಲ ಹೇಳುವ ಕಾರಣವೊಂದಿದೆ. ಬಜಾರಿನಲ್ಲಿ ಸೋತ ಮಾಲಿಕನು ಆ ನಷ್ಟವನ್ನು ತುಂಬುವುದೆಲ್ಲಿಂದ? ಮಾಣಿಯ ಸಂಬಳದ ಏರಿಕೆಯನ್ನು ಮುಂದೂಡಿ, ಹುಡುಗರ ಊಟದ ಮಜ್ಜಿಗೆಗೆ ನೀರು ಬೆರೆಸಿ. ಹಿಂದೊಮ್ಮೆ ನಾವೂ ಹಾಗೆ ಮಾಡಿದ್ದುಂಟು. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆದುದರಿಂದ ಗುಮಾಸ್ತ ಬಂಧುಗಳು ಪ್ರತಿವಾರದ ದರವನ್ನೂ ತೂಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಅಡಿಗೆಯವರು ಮಾಲಿನ ಗುಣವನ್ನು ಅಂಜದೆ ಹೇಳಲಿ. ಮಾಲಿಕರು ಬಜಾರಿಗೆ ಹೊರಡುವ ಮುನ್ನ ಇವರಿಬ್ಬರನ್ನೂ ಕೇಳಲಿ. ಉಳಿದ ಹಣದಲ್ಲಿ ಇವರಿಗೊಂದು ಪಾಲು ಸಲ್ಲಲಿ. ಅದು ದಾನವಲ್ಲ, ಅವರ ದುಡಿಮೆಯ ಫಲ.