ಕಳ್ಳ ಬಂದ ದಾರಿಯಲ್ಲೇ ಮಾಸ್ತರರೂ ಬರಲಿ

ಚಿಂಚೋಳಿಗೆ ಇನ್ನೂ ರೈಲಿಲ್ಲ. ಕಲಬುರಗಿಯಿಂದ ಪ್ರಾಧ್ಯಾಪಕರೊಬ್ಬರು ಬಂದು ಕಾಲೇಜಿನಲ್ಲಿ ಒಂದು ತಾಸು ಮಾತಾಡಬೇಕೆಂದರೆ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಬೆಂಗಳೂರಿನವರಾದರೆ ಎರಡು ರಾತ್ರಿಯ ನಿದ್ದೆ ಬಿಡಬೇಕು. ಪೊಲೀಸ್ ಸಮವಸ್ತ್ರ ತೊಟ್ಟು, ಮೊಬೈಲ್ ಪರದೆಯಲ್ಲಿ ಕಣ್ಣು ಕೆಕ್ಕರಿಸಿ, ‘ನಿಮ್ಮ ಆಧಾರ್ ನಂಬರಿನ ಮೇಲೆ ಕೇಸ್ ಬಿದ್ದಿದೆ’ ಎನ್ನುವ ಕಳ್ಳನಿಗೆ ಮಾತ್ರ ಈ ದೂರ ಲೆಕ್ಕಕ್ಕೇ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿ ಇಂಥದ್ದೇ ಒಂದು ‘ಡಿಜಿಟಲ್ ಅರೆಸ್ಟ್’ ಕರೆಯನ್ನು ದೇಶಕ್ಕೆ ಕೇಳಿಸಿದರು. ಅದು ಬಂದಿದ್ದು ವಿಜಯಪುರದವರೊಬ್ಬರಿಗೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲವೆಂದು ಪ್ರಧಾನಿಯೇ ಬಿಡಿಸಿ ಹೇಳಬೇಕಾಯಿತು.

ಕಳ್ಳನಿಗೆ ತೆರೆದಿರುವ ದಾರಿ ಕಲಿಸುವವರಿಗೆ ಯಾಕೆ ಮುಚ್ಚಿದೆ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗದ ಕಾಲೇಜುಗಳಲ್ಲಿ ‘ಅತಿಥಿ ಉಪನ್ಯಾಸ’ ಎಂದರೆ ಇಂದಿಗೂ ಕಾರು, ಹಾರ, ಶಾಲು, ಊಟ. ಅತಿಥಿ ಪರದೆಯಲ್ಲಿ ಬಂದರೆ ಅದು ಅರ್ಧ ಕಾರ್ಯಕ್ರಮ ಎಂಬ ಭಾವನೆ. ಶಾಲು ಹೊದಿಸುವುದು ಯಾರಿಗೆ, ಲ್ಯಾಪ್‌ಟಾಪಿಗೆ?

ಕಂಪ್ಯೂಟರ್ ಭದ್ರತೆಯ ಲೋಕದಲ್ಲಿ ಘಟಾನುಘಟಿಗಳೇ ಹೀಗೆ ಪರದೆಯಲ್ಲಿ ಬಂದಿದ್ದಾರೆ. ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನವನ್ನು 1977ರಲ್ಲಿ ರೂಪಿಸಿದ ಮೂವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ನಡುವಿನ ‘ಎಸ್’ ಇಸ್ರೇಲಿನ ಆದಿ ಶಮೀರ್. ಅದೇ ಹೆಸರಿನ ಆರ್‌ಎಸ್‌ಎ ಸಮಾವೇಶ 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದಾಗ ಅವರಿಗೆ ಅಮೆರಿಕದ ವೀಸಾ ಸಿಗಲಿಲ್ಲ. ತಮ್ಮದೇ ಹೆಸರಿನ ಜಾತ್ರೆಗೆ ಶಮೀರ್ ವಿಡಿಯೊದಲ್ಲಿ ಬಂದರು. ಅಮೆರಿಕದ ಬೇಹುಗಾರಿಕೆಯನ್ನು ಬಯಲಿಗೆಳೆದು ರಷ್ಯಾದಲ್ಲಿ ಆಶ್ರಯ ಪಡೆದಿದ್ದ ಎಡ್ವರ್ಡ್ ಸ್ನೋಡೆನ್ 2014ರ ಮಾರ್ಚ್‌ನಲ್ಲಿ ಆಸ್ಟಿನ್ ನಗರದ ಸಭೆಯೊಂದಕ್ಕೆ ಏಳು ಪ್ರಾಕ್ಸಿ ಸರ್ವರ್‌ಗಳನ್ನು ದಾಟಿಕೊಂಡು ಮಾತಾಡಿದರು. ದನಿ ಕಡಿಕಡಿದು ಬಂದರೂ ಸಭೆ ನಡೆಯಿತು. ನಮ್ಮಲ್ಲೂ ಆಗಿದೆ: 2000ದಲ್ಲಿ ಆರಂಭವಾದ ‘ಇಂಡೋಕ್ರಿಪ್ಟ್’ ಸಮ್ಮೇಳನದ 2020ರ ಆತಿಥ್ಯ ಬೆಂಗಳೂರಿನದು. ಕೋವಿಡ್‌ನಿಂದಾಗಿ ಡಿಸೆಂಬರ್ 13ರಿಂದ 16ರವರೆಗೆ ಅದು ಪೂರ್ತಿ ಆನ್‌ಲೈನ್‌ನಲ್ಲೇ ನಡೆಯಿತು.

ದೂರಪಾಠ ಕರ್ನಾಟಕಕ್ಕೆ ಹೊಸದೂ ಅಲ್ಲ. ಶಿಕ್ಷಣಕ್ಕೆಂದೇ ಇಸ್ರೊ 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹ ಹಾರಿಸಿದಾಗ ಮೊದಲ ಪ್ರಯೋಗಕ್ಕೆ ಆಯ್ಕೆಯಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಟಿಯು ಒಂದು. ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳಿಗೆ ಆಕಾಶದಿಂದ ಕನ್ನಡದಲ್ಲಿ ಪಾಠ ಇಳಿಯಿತು. 2010ರಲ್ಲಿ ಉಪಗ್ರಹದ ಆಯಸ್ಸು ತೀರಿತು. ಅಂದು ಉಪಗ್ರಹ ಮಾಡಿದ ಕೆಲಸವನ್ನು ಇಂದು ಹುಡುಗರ ಕಿಸೆಯಲ್ಲಿರುವ ಫೋನೇ ಮಾಡಬಲ್ಲದು. ನಿಜಾಮರ ಕಾಲದಲ್ಲಿ, 1874ರಲ್ಲೇ, ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ರೈಲು ಓಡಿದ ಸೀಮೆ ಇದು. ಹೊಸ ದಾರಿ ಈ ನೆಲಕ್ಕೆ ಅಪರಿಚಿತವಲ್ಲ.

ಆದರೆ ತಜ್ಞರು ಪರದೆಗೆ ಬಂದು ಇಂಗ್ಲಿಷಿನಲ್ಲಿ ಅರವತ್ತು ಸ್ಲೈಡ್ ಓದಿ ಹೋದರೆ ಏನೂ ಸಾಧಿಸಿದಂತಾಗುವುದಿಲ್ಲ. ಬಿಸಿಎ ಓದುವ ಹುಡುಗಿಗೆ ಫೈರ್‌ವಾಲ್‌ನ ವ್ಯಾಖ್ಯೆ ಪಠ್ಯಪುಸ್ತಕದಲ್ಲೇ ಸಿಗುತ್ತದೆ. ಸಿಗದಿರುವುದು ಮನೆಯ ಮಾತು. ಅವಳ ಅಜ್ಜಿ ಹೊಲದ ಪತ್ರ ನೋಂದಣಿಗೆಂದು ಉಪನೋಂದಣಿ ಕಚೇರಿಯಲ್ಲಿ ಬೆರಳೊತ್ತಿರುತ್ತಾಳೆ. 2023ರಲ್ಲಿ ನೋಂದಣಿ ದಾಖಲೆಗಳಿಂದಲೇ ಬೆರಳಚ್ಚು, ಆಧಾರ್ ಸಂಖ್ಯೆ ಎತ್ತಿಕೊಂಡು ಹಣ ಲಪಟಾಯಿಸಿದ ಪ್ರಕರಣಗಳು ರಾಜ್ಯದಲ್ಲಿ ಬಯಲಾದವು. ಆಧಾರ್ ಆಧಾರಿತ ಪಾವತಿಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಇದ್ದರೆ ಸಾಕು, ಓಟಿಪಿ ಬೇಡ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಹೆಬ್ಬೆರಳನ್ನು ಎಲ್ಲಿಂದ ತರುವುದು? ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವುದು ಐದು ನಿಮಿಷದ ಕೆಲಸ. ಆ ಐದು ನಿಮಿಷ, ‘ಪಿಎಂ ಕಿಸಾನ್’ ಹೆಸರಿನಲ್ಲಿ ವಾಟ್ಸ್ಆ್ಯಪಿಗೆ ಬರುವ ಎಪಿಕೆ (ಆ್ಯಪ್ ಅಳವಡಿಸುವ) ಫೈಲ್ ಒತ್ತಿದರೆ ಫೋನಿನೊಳಗೆ ಏನಾಗುತ್ತದೆ ಎಂಬ ಹತ್ತು ನಿಮಿಷ, ಹಣ ಹೋದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ಏನು ಹೇಳಬೇಕೆಂಬ ಇನ್ನೈದು ನಿಮಿಷ: ಉಪನ್ಯಾಸ ಇಷ್ಟಾಗಲಿ. ಉಳಿದ ಹೊತ್ತೆಲ್ಲ ಪ್ರಶ್ನೆಗೆ. ಅದೂ ಕನ್ನಡದಲ್ಲಿ, ಬೇಕಾದರೆ ದಖ್ಖನಿ ಉರ್ದುವಿನಲ್ಲಿ.

ಇಂಥ ಸಭೆಯ ಲಿಂಕ್ ಹಂಚುವ ರೀತಿಯೇ ಒಂದು ಪಾಠವಾಗಬಹುದು. 2020ರ ಏಪ್ರಿಲ್ 16ರಂದು ಕೇಂದ್ರ ಗೃಹ ಸಚಿವಾಲಯ ಝೂಮ್ ಸುರಕ್ಷಿತವಲ್ಲವೆಂದು ಎಚ್ಚರಿಸಿ, ಪ್ರತಿ ಸಭೆಗೂ ಹೊಸ ಪಾಸ್‌ವರ್ಡ್ ಇಡಿ, ಬಂದವರನ್ನು ಮೊದಲು ಹೊರಗೆ ಕಾಯಿಸಿ ಎಂದು ಹೇಳಿತ್ತು. ನಮ್ಮ ಕಾಲೇಜುಗಳು ಈಗಲೂ ಲಿಂಕನ್ನೂ ಪಾಸ್‌ವರ್ಡನ್ನೂ ಒಂದೇ ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿ ಹತ್ತು ಗ್ರೂಪಿಗೆ ಕಳಿಸುತ್ತವೆ. ಸೈಬರ್ ಭದ್ರತೆಯ ಉಪನ್ಯಾಸಕ್ಕೂ ಹಾಗೇ!

ಹಣಕ್ಕೆ, ಜನಕ್ಕೆ ಕೊರತೆ ಎಂಬ ನೆಪ ನಿಲ್ಲುವುದಿಲ್ಲ. ರಾಜ್ಯ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ‘ಸೈಸೆಕ್’ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಬಲವಿದೆ. 2024ರ ಆಗಸ್ಟ್‌ನಲ್ಲಿ ಸೈಬರ್ ಭದ್ರತಾ ನೀತಿ ಬಿಡುಗಡೆಯಾದಾಗ ಐಟಿ–ಬಿಟಿ ಸಚಿವರಾಗಿದ್ದ ಪ್ರಿಯಾಂಕ್ ಖರ್ಗೆ ಚಿತ್ತಾಪುರದ ಶಾಸಕರು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗುವ ಕಾಲದಲ್ಲಿ ಒಳ್ಳೆಯದೊಂದು ಮೈಕು, ಕರೆಂಟ್ ಹೋದರೂ ಎರಡು ತಾಸು ತಡೆಯುವ ಯುಪಿಎಸ್ ದೊಡ್ಡ ಬೇಡಿಕೆಯಲ್ಲ.

ಇದಕ್ಕೆ ದಿನವೂ ನಿಗದಿಯಾಗಿದೆ. ತಿಂಗಳ ಮೊದಲ ಬುಧವಾರ ‘ಸೈಬರ್ ಜಾಗೃತಿ ದಿನ’ ಆಚರಿಸುವಂತೆ ಯುಜಿಸಿ 2021ರಲ್ಲೇ ಕಾಲೇಜುಗಳಿಗೆ ಸೂಚಿಸಿದೆ. ಬರುವ ಬುಧವಾರಗಳಲ್ಲಿ ಒಂದನ್ನು ಚಿಂಚೋಳಿಯಿಂದಲೇ ಶುರುಮಾಡಬಹುದು. ಸ್ವಾಗತ, ವಂದನಾರ್ಪಣೆ ಎರಡೂ ಸೇರಿ ಐದು ನಿಮಿಷ ಮೀರಬಾರದು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಗಣ್ಯರ ಬದಲು, ತೊಗರಿ ಮಾರಿದ ದುಡ್ಡು ಖಾತೆಯಲ್ಲಿರುವ ಅಪ್ಪ–ಅವ್ವಂದಿರನ್ನು ಕೂರಿಸಬೇಕು. ಮೊದಲ ಪ್ರಶ್ನೆ ಅವರದೇ ಆಗಲಿ.