ಸೇತುವೆಯ ಒಳಗಣ ಕಣ್ಣು

ಇಟಲಿಯ ಜಿನೋವಾ ನಗರದಲ್ಲಿ 2018ನೆಯ ಇಸವಿ ಆಗಸ್ಟ್ 14ರಂದು ಮೊರಾಂಡಿ ಸೇತುವೆಯ ಒಂದು ಭಾಗವು ಕುಸಿದು 43 ಮಂದಿ ಪ್ರಾಣ ಕಳೆದುಕೊಂಡರು. 1967ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯ ಭಾರವನ್ನು ಹೊತ್ತಿದ್ದ ಉಕ್ಕಿನ ಹುರಿಗಳನ್ನು ತುಕ್ಕಿನಿಂದ ಕಾಪಾಡಲೆಂದೇ ಕಾಂಕ್ರೀಟಿನಲ್ಲಿ ಹುದುಗಿಸಿದ್ದರು. ಆದರೂ ತುಕ್ಕು ಹಿಡಿಯಿತು. ಕಾಪಾಡಬೇಕಾದ ಹೊದಿಕೆಯೇ ರೋಗವನ್ನು ಮರೆಮಾಡಿತು.

ಈ ಮಾತನ್ನು ಈಗ ನೆನೆಯಲು ಕಾರಣವುಂಟು. ಸಾಧಾರಣ ಕಾಂಕ್ರೀಟು ಒತ್ತಡವನ್ನು ತಾಳಬಲ್ಲುದು, ಸೆಳೆತವನ್ನು ತಾಳಲಾರದು. ನೀರನ್ನು ತಗ್ಗಿಸಿ, ಸಿಲಿಕಾದ ನುಣ್ಪುಡಿಯನ್ನೂ ಉಕ್ಕಿನ ಸಣ್ಣ ನಾರುಗಳನ್ನೂ ಬೆರೆಸಿದರೆ ಅದರ ಸ್ವಭಾವವೇ ಬದಲಾಗುತ್ತದೆ. (ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲನ್ನು ತುಳಿದು ಸೇರಿಸುತ್ತಿದ್ದುದೂ ಇದೇ ತತ್ತ್ವದಿಂದ.) ಕೆನಡಾದ ಶೆರ್ಬ್ರೂಕಿನಲ್ಲಿ 1997ರಲ್ಲಿ ಇಂತಹ ಕಾಂಕ್ರೀಟಿನಿಂದ ಕಟ್ಟಿದ 60 ಮೀಟರಿನ ಕಾಲ್ಸೇತುವೆಯ ಹಾಸು ಕೇವಲ 30 ಮಿಲಿಮೀಟರು ದಪ್ಪ! ಇದು ಒಂದೇ ಅಗಲವಾದ ಬಿರುಕನ್ನು ಬಿಡುವುದಿಲ್ಲ; ನಾರುಗಳು ಹಿಡಿದು ನಿಲ್ಲಿಸುವುದರಿಂದ ಕೂದಲಿಗಿಂತ ಕಿರಿದಾದ ಹಲವು ಬಿರುಕುಗಳಾಗಿ ಹಂಚಿಹೋಗುತ್ತದೆ. ನೀರು ಸುಲಭವಾಗಿ ಒಳಹೋಗದೆಂಬುದು ಲಾಭವೇ ಸರಿ. ಆದರೆ ಸುತ್ತಿಗೆಯಿಂದ ತಟ್ಟಿ, ಕಣ್ಣಿನಿಂದ ನೋಡುವ ಪರೀಕ್ಷಕನಿಗೆ ಅಲ್ಲಿ ಕಾಣುವುದೇನು?

ಇದಕ್ಕೆ ಮದ್ದು ಗಾಜಿನ ಎಳೆ. ಬೆಳಕನ್ನೊಯ್ಯುವ ಎಳೆಯ ತಿರುಳಿನಲ್ಲಿ ಸಮಾನ ಅಂತರದ ಗೆರೆಗಳಂತಹ ರಚನೆಯನ್ನು ಮೂಡಿಸಿದರೆ ಅದು ಒಂದು ನಿರ್ದಿಷ್ಟ ತರಂಗದೂರದ ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ. ಇದನ್ನು ಬ್ರ್ಯಾಗ್ ಗ್ರೇಟಿಂಗ್ ಎನ್ನುತ್ತಾರೆ. ಕಾಂಕ್ರೀಟಿನೊಡನೆ ಎಳೆಯೂ ಹಿಗ್ಗಿದರೆ ಗೆರೆಗಳ ಅಂತರ ಹೆಚ್ಚುತ್ತದೆ, ಅದರೊಡನೆ ತರಂಗದೂರವೂ ಹೆಚ್ಚುತ್ತದೆ. ಒಂದು ಮೀಟರಿನಲ್ಲಿ ಒಂದು ಮೈಕ್ರಾನಿನಷ್ಟು ಹಿಗ್ಗನ್ನೂ ಹೀಗೆ ಗುರುತಿಸಬಹುದು. ಬಿಸಿಲೂ ಇದೇ ಬದಲಾವಣೆಯನ್ನು ತರುವುದರಿಂದ ತಾಪವನ್ನು ಬೇರೆಯಾಗಿ ಅಳೆದು ಕಳೆಯಬೇಕು. ಕ್ಯಾಲ್ಗರಿಯ ಬೆಡಿಂಗ್ಟನ್ ಟ್ರೇಲ್ ಸೇತುವೆಯಲ್ಲಿ 1993ರಲ್ಲಿಯೇ ಇಂತಹ ಎಳೆಗಳನ್ನು ಹುದುಗಿಸಿದರು. ಇದು ನಿನ್ನೆಯ ಹೊಸ ಕನಸೇನೂ ಅಲ್ಲ.

ವೆಚ್ಚ ಹೆಚ್ಚೆಂದು ಎಳೆಗಳನ್ನು ಮುಂದೆಂದಾದರೂ ಅಂಟಿಸೋಣ ಎನ್ನುವವರನ್ನು ನಾವು ಒಪ್ಪಲಾರೆವು. ಅನಂತರ ಅಂಟಿಸಿದ ಎಳೆಯು ತಾನು ಬಂದ ಮೇಲಿನ ಬದಲಾವಣೆಯನ್ನಷ್ಟೇ ಹೇಳೀತು. ಅದಕ್ಕೆ ಹಿಂದೆ ಕೂಡಿದ ದಣಿವನ್ನು ಅದು ಅರಿಯದು. ಕಾಂಕ್ರೀಟು ಹೊಯ್ಯುವ ದಿನವೇ ಎಳೆಯನ್ನಿಟ್ಟರೆ ಮೊದಲ ಅಳತೆ ಕೈಯಲ್ಲಿರುತ್ತದೆ. ಎಳೆಯೊಂದೇ ಸಾಲದು, ಅಂಕಿಗಳನ್ನು ದಿನದಿನವೂ ಓದುವವನಿರಬೇಕು, ಮಿತಿ ಮೀರಿದಾಗ ಸಂಚಾರವನ್ನು ತಡೆಯುವ ಅಧಿಕಾರವೂ ಅವನಿಗಿರಬೇಕು. ಮೊರಾಂಡಿಯವರೇ ತಮ್ಮ ಸೇತುವೆಗೆ ತುಕ್ಕಿನ ಭಯವಿದೆಯೆಂದು 1979ರಲ್ಲಿ ಬರೆದಿದ್ದರು. ಜಿನೋವಾದವರು 2020ರಲ್ಲಿ ತೆರೆದ ಹೊಸ ಸೇತುವೆಗೆ ಸಂವೇದಕಗಳನ್ನು ಅಳವಡಿಸಿದ್ದಾರೆ.